ಹದಿಹರೆಯದವರ ಲವ್‌ನಲ್ಲಿ ಹೊಡೆತ, ಬೆದರಿಕೆ: ನಮ್ಮಂಥ ಸೇವಾ ಕ್ಲಬ್ ಏನು ಮಾಡಬಹುದು?

ಕ್ಲಬ್_ಕಾರ್ಯದರ್ಶಿ
ಎಲ್ಲರಿಗೂ ನಮಸ್ಕಾರ. ನಾನು ಒಂದು ಸೇವಾ ಕ್ಲಬ್‌ನ ಕಾರ್ಯದರ್ಶಿ. ರಕ್ತದಾನ ಶಿಬಿರ, ಕಣ್ಣಿನ ತಪಾಸಣೆ, ಗಿಡ ನೆಡುವುದು, ಶಾಲೆಗಳಿಗೆ ಪುಸ್ತಕ ಕೊಡುವುದು, ಇವೆಲ್ಲ ವರ್ಷಗಳಿಂದ ಮಾಡಿಕೊಂಡು ಬಂದಿದ್ದೇವೆ. ಹೈಸ್ಕೂಲು ಮಕ್ಕಳ ಒಂದು ಯುವ ವಿಭಾಗವೂ ನಮ್ಮ ಜೊತೆ ಇದೆ. ಈ ಸಲ ಆ ಮಕ್ಕಳೇ ಬಂದು ಒಂದು ಮಾತು ಹೇಳಿದರು. ಲವ್ ಮಾಡುವವರ ನಡುವೆ ನಡೆಯುವ ಹಿಂಸೆ ಬಗ್ಗೆ ಏನಾದರೂ ಮಾಡೋಣ ಅಂತ.

ಹಿಂಸೆ ಅಂದರೆ ಹೊಡೆಯುವುದು ಮಾತ್ರ ಅಲ್ಲ ಅಂತ ಅವರೇ ಬಿಡಿಸಿ ಹೇಳಿದರು. ಫೋನಿನ ಪಾಸ್‌ವರ್ಡ್ ಕೊಡು ಅನ್ನುವುದು, ಎಲ್ಲಿದ್ದೀಯ ಫೋಟೋ ತೆಗೆದು ಕಳಿಸು ಅನ್ನುವುದು, ಆ ಫ್ರೆಂಡ್ ಜೊತೆ ಮಾತಾಡಬೇಡ, ಈ ಬಟ್ಟೆ ಹಾಕಬೇಡ, ಬಿಟ್ಟು ಹೋದರೆ ನಿನ್ನ ಫೋಟೋ ಎಲ್ಲರಿಗೂ ಕಳಿಸ್ತೀನಿ ಅನ್ನುವುದು. ಕೇಳಿ ನನಗೆ ಸಂಕಟ ಆಯಿತು.

ಸಮಿತಿ ಸಭೆಯಲ್ಲಿ ಇಟ್ಟೆ. ಅರ್ಧ ಜನ, ಒಂದು ದಿನ ಹಾಲ್ ತಗೊಳ್ಳೋಣ, ಯಾರಾದರೂ ದೊಡ್ಡ ಅಧಿಕಾರಿ ಕರೆಸಿ ಭಾಷಣ ಮಾಡಿಸೋಣ, ಪೋಸ್ಟರ್ ಸ್ಪರ್ಧೆ ಇಡೋಣ, ಮುಗೀತು ಅಂದರು. ಇನ್ನರ್ಧ ಜನ ಈ ವಿಷಯಕ್ಕೆ ಕೈ ಹಾಕಲೇ ಬೇಡಿ, ಲವ್ ಅಂದರೇನು ಅಂತ ಗೊತ್ತಿಲ್ಲದ ಮಕ್ಕಳಿಗೂ ನಾವೇ ಹೇಳಿಕೊಟ್ಟ ಹಾಗಾಗುತ್ತದೆ ಅಂದರು. ನನಗೆ ಎರಡೂ ಸರಿ ಕಾಣುತ್ತಿಲ್ಲ. ಈ ಕೆಲಸ ಹತ್ತಿರದಿಂದ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಹಳೇ_ಮೇಷ್ಟ್ರು
ಸರ್, ಹೈಸ್ಕೂಲಿನಲ್ಲಿ ಬಹಳ ವರ್ಷ ಪಾಠ ಮಾಡಿದವನು ನಾನು. ಹಾಲ್‌ನಲ್ಲಿ 400 ಮಕ್ಕಳನ್ನು ಕೂರಿಸಿ ಭಾಷಣ ಮಾಡಿಸಿದರೆ ಹಿಂದಿನ ಸಾಲಿನವರು ನಗುತ್ತಾರೆ, ಮುಂದಿನ ಸಾಲಿನವರು ಚಪ್ಪಾಳೆ ತಟ್ಟುತ್ತಾರೆ. ಯಾರಿಗೆ ನಿಜವಾಗಿ ಕಷ್ಟ ಇದೆಯೋ ಆ ಹುಡುಗಿ ತಲೆ ತಗ್ಗಿಸಿ ಕೂತಿರುತ್ತಾಳೆ, ಪಕ್ಕದಲ್ಲೇ ಅವನೂ ಕೂತಿರಬಹುದು. ಅವಳು ಕೈ ಎತ್ತಿ ಪ್ರಶ್ನೆ ಕೇಳುತ್ತಾಳಾ? ಸಾಧ್ಯವೇ ಇಲ್ಲ.

ಗೊತ್ತಿಲ್ಲದ ಮಕ್ಕಳಿಗೆ ಹೇಳಿಕೊಟ್ಟ ಹಾಗಾಗುತ್ತದೆ ಅನ್ನುವವರು ಒಂದು ವಾರ ಶಾಲೆಯ ಕಾರಿಡಾರಿನಲ್ಲಿ ನಿಂತು ನೋಡಲಿ. ಮಕ್ಕಳಿಗೆ ಲವ್ ಗೊತ್ತು. ಅದರಲ್ಲಿ ಯಾವುದನ್ನು ಸಹಿಸಬಾರದು ಅನ್ನುವುದೇ ಗೊತ್ತಿಲ್ಲ.

ಮಳೆಹನಿ
ಪೋಸ್ಟರ್ ಸ್ಪರ್ಧೆ ಮಾತ್ರ ಬೇಡಪ್ಪ. ಪರಿಸರಕ್ಕೂ ಅದೇ, ಟ್ರಾಫಿಕ್‌ಗೂ ಅದೇ, ಇದಕ್ಕೂ ಅದೇನಾ?

ಓದುಗ_ವಿದ್ಯಾರ್ಥಿ
ಮಳೆಹನಿ ಅವರೇ, ಪೋಸ್ಟರ್ ಸ್ಪರ್ಧೆಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ಈ ವಿಷಯದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಪರೀಕ್ಷೆ ಮಾಡಿ ನೋಡಿದ ಕಾರ್ಯಕ್ರಮಗಳಲ್ಲಿ ಒಂದು ಅಮೆರಿಕದ ನಾರ್ತ್ ಕೆರೊಲಿನಾದ 'ಸೇಫ್ ಡೇಟ್ಸ್'. 1990ರ ದಶಕದಲ್ಲಿ 14 ಸರ್ಕಾರಿ ಶಾಲೆಗಳ 8 ಮತ್ತು 9ನೇ ತರಗತಿ ಮಕ್ಕಳ ಜೊತೆ ಶುರುವಾಯಿತು. ಅದರಲ್ಲೂ ಪೋಸ್ಟರ್ ಸ್ಪರ್ಧೆ ಇದೆ! ಆದರೆ ಅದೊಂದೇ ಅಲ್ಲ. ತರಗತಿಯಲ್ಲಿ 10 ಪಾಠ, ಮಕ್ಕಳೇ ಆಡುವ ಒಂದು ನಾಟಕ, ಕೊನೆಗೆ ಪೋಸ್ಟರ್. ಪಾಠಗಳಲ್ಲಿ ಉಪದೇಶ ಕಡಿಮೆ, ಅಭ್ಯಾಸ ಜಾಸ್ತಿ. ಕೋಪ ಬಂದಾಗ ಏನು ಮಾಡಬೇಕು, ಫ್ರೆಂಡ್ ಕಷ್ಟದಲ್ಲಿದ್ದರೆ ಹೇಗೆ ಮಾತಾಡಬೇಕು, ಇಷ್ಟ ಇಲ್ಲ ಅಂತ ಹೇಗೆ ಹೇಳಬೇಕು, ಇಂಥವನ್ನು ಮಕ್ಕಳಿಂದಲೇ ಆಡಿಸಿ ಕಲಿಸುತ್ತಾರೆ. ನಾಲ್ಕು ವರ್ಷ ಕಳೆದ ಮೇಲೆ ನೋಡಿದಾಗಲೂ, ಈ ಪಾಠ ಕಲಿತ ಮಕ್ಕಳಲ್ಲಿ ಹಿಂಸೆ ಮಾಡುವವರೂ ಅನುಭವಿಸುವವರೂ ಕಲಿಯದವರಿಗಿಂತ ಕಡಿಮೆ ಇದ್ದರು.

ಪಾಠ ಇಲ್ಲದ ಬರೀ ಪೋಸ್ಟರ್ ಸುಮ್ನೆ ಬಣ್ಣ ದಂಡ. ಪಾಠ ಮುಗಿದ ಮೇಲೆ ಬರೆಸಿದರೆ, ಮಗು ಕಲಿತಿದ್ದನ್ನು ತನ್ನ ಮಾತಿನಲ್ಲಿ ಹೇಳುತ್ತದೆ.

ಮಳೆಹನಿ
ಹಾಗಾದರೆ ಸರಿ. ಪಾಠ ಮೊದಲು, ಪೋಸ್ಟರ್ ಆಮೇಲೆ.

ನೇರನುಡಿ
ಇದೆಲ್ಲ ಸ್ವಲ್ಪ ಜಾಸ್ತಿ ಆಗಲಿಲ್ವಾ? 15-16 ವಯಸ್ಸಿನಲ್ಲಿ ಜಗಳ ಆಡುತ್ತಾರೆ, ಎರಡು ದಿನ ಮಾತು ಬಿಡುತ್ತಾರೆ, ಮತ್ತೆ ಸರಿಹೋಗುತ್ತಾರೆ. ಅದಕ್ಕೆಲ್ಲ ಹಿಂಸೆ ಅಂತ ದೊಡ್ಡ ಹೆಸರು ಕೊಟ್ಟು ಕ್ಲಬ್ ದುಡ್ಡು ಸುರಿಯಬೇಕಾ? ಕಣ್ಣಿನ ಶಿಬಿರ ಮಾಡಿದರೆ ಹತ್ತು ಜನಕ್ಕೆ ಕಣ್ಣಾದರೂ ಬರುತ್ತದೆ.

ಓದುಗ_ವಿದ್ಯಾರ್ಥಿ
ನೇರನುಡಿ ಅವರೇ, ಜಗಳ ಬೇರೆ ಇದು ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಒಂದು ಲೆಕ್ಕ ಕೊಟ್ಟಿತು. ಜಗತ್ತಿನಲ್ಲಿ 15ರಿಂದ 19 ವಯಸ್ಸಿನ, ಸಂಬಂಧದಲ್ಲಿ ಇದ್ದ ಹುಡುಗಿಯರಲ್ಲಿ ಶೇಕಡ 24ರಷ್ಟು ಜನ ಸಂಗಾತಿಯಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. ಹಿಂದಿನ ಒಂದೇ ವರ್ಷದಲ್ಲಿ ಅನುಭವಿಸಿದವರು ಶೇಕಡ 16. ಈ ಲೆಕ್ಕದಲ್ಲಿ ಮದುವೆಯಾದ ಹುಡುಗಿಯರೂ ಸೇರಿದ್ದಾರೆ, ಅದನ್ನು ಹೇಳಲೇಬೇಕು. ಶಾಲಾ ಮಕ್ಕಳದ್ದೇ ಲೆಕ್ಕ ಬೇಕು ಅಂದರೆ ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿ ಹೈಸ್ಕೂಲು ಮಕ್ಕಳನ್ನೇ ಕೇಳುತ್ತದೆ. 2019ರ ಸಮೀಕ್ಷೆಯಲ್ಲಿ, ಡೇಟಿಂಗ್ ಮಾಡುತ್ತಿದ್ದವರಲ್ಲಿ ಸುಮಾರು 12ರಲ್ಲಿ ಒಬ್ಬರು ಆ ವರ್ಷ ಹೊಡೆತ ತಿಂದಿದ್ದರು. ಒಂದು ತರಗತಿಗೆ ಎಷ್ಟು ಮಕ್ಕಳು ಬಂದರು, ನೀವೇ ಎಣಿಸಿ.

ನೇರನುಡಿ
ಅಂಕಿ ಅಂಶ ಒಪ್ಪಿದೆ. ಆದರೆ ಹುಡುಗರೂ ಹೊಡೆತ ತಿನ್ನುತ್ತಾರೆ. ಅದನ್ನು ಯಾರೂ ಹೇಳೋದೇ ಇಲ್ಲ. ಎಲ್ಲ ಕಾರ್ಯಕ್ರಮದಲ್ಲೂ ಹುಡುಗನೇ ರಾಕ್ಷಸ.

ಆಪ್ತ_ಸಲಹೆ
ನಾನು ಹದಿಹರೆಯದವರ ಜೊತೆ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ನೇರನುಡಿ ಸರ್ ಹೇಳಿದ್ದರಲ್ಲಿ ಸತ್ಯ ಇದೆ. ಹುಡುಗರು ಬರುತ್ತಾರೆ, ಕೆನ್ನೆಗೆ ಹೊಡೆಸಿಕೊಂಡವರು, ಎಲ್ಲರ ಮುಂದೆ ಅವಮಾನ ಆದವರು, ಫೋನ್ ಕಿತ್ತುಕೊಂಡು ಒಡೆದು ಹಾಕಿಸಿಕೊಂಡವರು. ಅವರು ಹೇಳುವುದೇ ಕಷ್ಟ, ಹೇಳಿದರೆ ಫ್ರೆಂಡ್ಸೇ ನಗುತ್ತಾರೆ. ಹುಡುಗ ಹುಡುಗನನ್ನು, ಹುಡುಗಿ ಹುಡುಗಿಯನ್ನು ಪ್ರೀತಿಸುವ ಮಕ್ಕಳ ಕಥೆ ಇನ್ನೂ ಕಷ್ಟ. "ಮನೆಯಲ್ಲಿ ಹೇಳಿಬಿಡ್ತೀನಿ" ಅನ್ನುವುದೇ ಅಲ್ಲಿ ದೊಡ್ಡ ಆಯುಧ.

ಆದರೆ ಎರಡೂ ಕಡೆ ಒಂದೇ ತೂಕ ಅಂತ ಹೇಳಲು ನನ್ನಿಂದ ಆಗುವುದಿಲ್ಲ. ಭಯದಿಂದ ಬದುಕುವವರು, ಗಾಯ ಆಗಿ ಆಸ್ಪತ್ರೆಗೆ ಹೋಗುವವರು, ಲೈಂಗಿಕ ಬಲವಂತಕ್ಕೆ ಸಿಕ್ಕುವವರು ಹುಡುಗಿಯರೇ ಜಾಸ್ತಿ. ಯಾರು ಯಾರಿಗೆ ಹೆದರುತ್ತಿದ್ದಾರೆ, ಈ ಒಂದು ಪ್ರಶ್ನೆ ಕೇಳಿ ನೋಡಿ. ಸಾಮಾನ್ಯ ಜಗಳದಲ್ಲಿ ಇಬ್ಬರಿಗೂ ಕೋಪ ಇರುತ್ತದೆ, ಯಾರಿಗೂ ಹೆದರಿಕೆ ಇರುವುದಿಲ್ಲ.

ಇಬ್ಬರು_ಮಕ್ಕಳ_ಅಮ್ಮ
ನನ್ನ ಮಗಳಿಗೆ 16. ನಾನಂತೂ ದಿನಾ ರಾತ್ರಿ ಅವಳ ಫೋನ್ ಪೂರ್ತಿ ನೋಡುತ್ತೇನೆ, ಪಾಸ್‌ವರ್ಡ್ ನನ್ನ ಹತ್ತಿರ ಇದೆ, ಲೊಕೇಶನ್ ಯಾವಾಗಲೂ ಆನ್. ಕ್ಲಬ್‌ನವರು ಬಂದು ಹೇಳುವುದಕ್ಕಿಂತ ಮನೆಯಲ್ಲಿ ಹೀಗೆ ಹಿಡಿತ ಇಟ್ಟರೆ ಸಾಕು ಅಂತ ನನ್ನ ಅಭಿಪ್ರಾಯ.

ಕಾಲೇಜ್_ಹುಡುಗಿ
ಆಂಟಿ, ಬೇಜಾರು ಮಾಡ್ಕೋಬೇಡಿ, ನೇರವಾಗಿ ಹೇಳ್ತೀನಿ. ನಮ್ಮಮ್ಮನೂ ಹೀಗೇ ಮಾಡ್ತಿದ್ರು. ನಾನು ಹೈಸ್ಕೂಲಲ್ಲಿದ್ದಾಗ ಒಬ್ಬ ಹುಡುಗ ನನ್ನ ಪಾಸ್‌ವರ್ಡ್ ಕೇಳಿದ, ಲೊಕೇಶನ್ ಕೇಳಿದ, ಯಾರ ಜೊತೆ ಮಾತಾಡಿದೆ ಅಂತ ದಿನಾ ಲೆಕ್ಕ ಕೇಳಿದ. ನನಗೆ ಅದು ತಪ್ಪು ಅಂತ ಅನ್ನಿಸಲೇ ಇಲ್ಲ. ಯಾಕಂದ್ರೆ ನನ್ನ ಮೇಲೆ ತುಂಬಾ ಪ್ರೀತಿ ಇರುವವರು ಮನೆಯಲ್ಲಿ ಮಾಡ್ತಿದ್ದಿದ್ದೂ ಅದನ್ನೇ. ಪ್ರೀತಿ ಇದ್ದರೆ ಹೀಗೇ ಇರಬೇಕು ಅಂದ್ಕೊಂಡೆ. ಆಮೇಲೆ ಅವನು ಕೈ ತಿರುಚಿದಾಗ ಮನೆಯಲ್ಲಿ ಹೇಳೋಕೂ ಆಗಲಿಲ್ಲ, ಹೇಳಿದ್ರೆ ಫೋನೂ ಹೋಗುತ್ತೆ, ಓದೂ ನಿಲ್ಲುತ್ತೆ ಅನ್ನೋ ಭಯ. ಕೊನೆಗೆ ಹೇಳಿದ್ದು ಒಬ್ಬ ಫ್ರೆಂಡ್‌ಗೆ. ಅವಳೇ ನನ್ನ ಜೊತೆ ಟೀಚರ್ ಹತ್ತಿರ ಬಂದಳು.

ನಿಮ್ಮ ಮಗಳ ಮೇಲೆ ನಿಮಗೆ ಕಾಳಜಿ ಇದೆ, ಅದು ಗೊತ್ತಾಗುತ್ತೆ. ಆದರೆ ಏನಾದರೂ ಆದರೆ ಅವಳು ನಿಮ್ಮ ಹತ್ತಿರ ಬರೋ ಹಾಗೆ ಇದೆಯಾ, ಅದೊಂದು ಯೋಚನೆ ಮಾಡಿ.

ಇಬ್ಬರು_ಮಕ್ಕಳ_ಅಮ್ಮ
ನಿನ್ನ ಮಾತು ಓದಿ ತುಂಬಾ ಹೊತ್ತು ಯೋಚನೆ ಮಾಡಿದೆ ಮಗಳೇ. ಪೂರ್ತಿ ಬಿಟ್ಟುಬಿಡಲು ನನಗೆ ಧೈರ್ಯ ಇಲ್ಲ, ಹೊರಗೆ ಎಂಥೆಂಥವರು ಇದ್ದಾರೆ ಅಂತ ನಿನಗೂ ಗೊತ್ತು. ಆದರೆ "ನೀನು ಏನು ಹೇಳಿದರೂ ಫೋನ್ ಕಿತ್ತುಕೊಳ್ಳಲ್ಲ, ಸ್ಕೂಲ್ ಬಿಡಿಸಲ್ಲ" ಅಂತ ಇವತ್ತೇ ಅವಳಿಗೆ ಹೇಳುತ್ತೇನೆ.

ಆಪ್ತ_ಸಲಹೆ
ಅಮ್ಮ, ಆ ಒಂದು ವಾಕ್ಯ ದೊಡ್ಡ ಕೆಲಸ ಮಾಡುತ್ತದೆ. ಮಕ್ಕಳು ಬಾಯಿ ಬಿಡದಿರುವುದಕ್ಕೆ ಮೊದಲ ಕಾರಣವೇ ಶಿಕ್ಷೆ ತನಗೇ ಆಗುತ್ತದೆ ಅನ್ನುವ ಭಯ. ಕಾರ್ಯದರ್ಶಿಯವರೇ, ನಿಮ್ಮ ಯೋಜನೆಯಲ್ಲಿ ಪೋಷಕರಿಗೆ ಅಂತಲೇ ಒಂದು ಸಂಜೆ ಇಡಿ. ಮಕ್ಕಳ ಕಾರ್ಯಕ್ರಮಕ್ಕಿಂತ ಮೊದಲು.

ಆಟದ_ಕೋಚ್
ನಾನು ಶಾಲಾ ತಂಡಕ್ಕೆ ಬಾಸ್ಕೆಟ್‌ಬಾಲ್ ಕಲಿಸುವವನು. ಹುಡುಗರನ್ನು ಹೇಗೆ ಸೇರಿಸಿಕೊಳ್ಳುವುದು ಅಂತ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. 'ಕೋಚಿಂಗ್ ಬಾಯ್ಸ್ ಇಂಟು ಮೆನ್' ಅಂತ ಒಂದು ಕಾರ್ಯಕ್ರಮ ಇದೆ. ಅದರಲ್ಲಿ ಹೊರಗಿನವರು ಯಾರೂ ಬರುವುದಿಲ್ಲ. ಕೋಚ್‌ಗೇ ತರಬೇತಿ ಕೊಡುತ್ತಾರೆ. ಪೂರ್ತಿ ಸೀಸನ್, ವಾರಕ್ಕೊಮ್ಮೆ, ಪ್ರಾಕ್ಟೀಸಿಗೆ ಮೊದಲು 10-15 ನಿಮಿಷ ಮಾತು. ಅಷ್ಟೇ. ಈ ವಾರ ಹುಡುಗಿಯರ ಬಗ್ಗೆ ಕೊಳಕು ಜೋಕು, ಮುಂದಿನ ವಾರ ಫೋನಿನಲ್ಲಿ ಕಾಟ, ಇನ್ನೊಂದು ವಾರ ಬೇಡ ಅಂದರೆ ಬೇಡ ಅನ್ನುವ ಮಾತು, ಹೀಗೆ. ಕ್ಯಾಲಿಫೋರ್ನಿಯಾದ ಹೈಸ್ಕೂಲುಗಳಲ್ಲಿ ಪರೀಕ್ಷೆ ಮಾಡಿ ನೋಡಿದರು. ಸೀಸನ್ ಮುಗಿಯುವಾಗಲೇ, ತಪ್ಪು ಕಂಡರೆ ಬಾಯಿ ಹಾಕಿ ತಡೆಯುವ ಹುಡುಗರು ಜಾಸ್ತಿ ಆಗಿದ್ದರು. ಒಂದು ವರ್ಷದ ಮೇಲೆ ನೋಡಿದಾಗ ಹಿಂಸೆ ಮಾಡುವುದೂ ಕಡಿಮೆ ಆಗಿತ್ತು.

ನನ್ನ ತಂಡದಲ್ಲಿ ನೋಡಿದ್ದು ಹೇಳುತ್ತೇನೆ. ಒಬ್ಬ ಹುಡುಗ ಸೋತ ಸಿಟ್ಟಿನಲ್ಲಿ ತನ್ನ ಗರ್ಲ್‌ಫ್ರೆಂಡ್ ಮೇಲೆ ಕಿರುಚುತ್ತಿದ್ದ, ಮೈದಾನದ ಪಕ್ಕದಲ್ಲೇ. ನಾನು ಹೋಗುವ ಮೊದಲೇ ತಂಡದ ಇನ್ನೊಬ್ಬ ಹುಡುಗ ಹೋಗಿ "ಬಾರೋ, ನೀರು ಕುಡಿ" ಅಂತ ಎಳೆದುಕೊಂಡು ಬಂದ. ಬೈಯಲಿಲ್ಲ, ಹೀರೋ ಆಗಲಿಲ್ಲ. ಎಳೆದುಕೊಂಡು ಬಂದ, ಅಷ್ಟೇ. ಆಮೇಲೆ ಆ ಹುಡುಗನ ಜೊತೆ ನಾನು ಕೂತು ಮಾತಾಡಿದೆ. ರಾಕ್ಷಸ ಅಂತ ಹಣೆಪಟ್ಟಿ ಹಚ್ಚಿದ್ದರೆ ಅವನು ಕೂರುತ್ತಲೇ ಇರಲಿಲ್ಲ.

ನೇರನುಡಿ
ಕೋಚ್ ಸರ್, ಇದು ಇಷ್ಟ ಆಯ್ತು. ಹೀಗೆ ಮಾಡಿದರೆ ನಾನೂ ಬರ್ತೀನಿ.

ವಾರ್ಡ್_ನರ್ಸ್
ಒಂದು ವಿಷಯ ಯಾರೂ ಹೇಳಿಲ್ಲ, ನಾನು ಹೇಳಲೇಬೇಕು. ಕತ್ತು ಹಿಸುಕುವುದು. "ಸುಮ್ನೆ ಒಂದು ಸಲ ಕತ್ತು ಹಿಡಿದ ಅಷ್ಟೇ" ಅಂತ ಹುಡುಗಿಯರು ಹಗುರವಾಗಿ ಹೇಳುತ್ತಾರೆ. ದಯವಿಟ್ಟು ಹಗುರವಾಗಿ ತಗೋಬೇಡಿ. ಕತ್ತು ಒತ್ತಿದರೆ ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪಬಹುದು. ಹೊರಗೆ ಒಂದು ಗುರುತೂ ಇಲ್ಲದೆ ಒಳಗೆ ಪೆಟ್ಟಾಗಿರಬಹುದು. ಧ್ವನಿ ಗೊಗ್ಗರಾಗುವುದು, ನುಂಗಲು ಕಷ್ಟ, ಉಸಿರು ಕಷ್ಟ, ಕಣ್ಣಿನಲ್ಲಿ ಕೆಂಪು ಚುಕ್ಕೆ, ತಲೆ ಸುತ್ತು, ನೆನಪು ತಪ್ಪುವುದು, ಇವು ಗಂಟೆಗಳಾದ ಮೇಲೂ ಶುರುವಾಗಬಹುದು. ಏನೂ ಕಾಣದಿದ್ದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಕತ್ತು ಹಿಸುಕಿದ್ದು ಅಂತ ಸ್ಪಷ್ಟವಾಗಿ ಹೇಳಿ.

ಇನ್ನೊಂದು. ಹಾಗೆ ಒಮ್ಮೆ ಮಾಡಿದವನು ಮುಂದೆ ಕೊಲ್ಲುವ ಸಾಧ್ಯತೆ ಬಹಳ ಜಾಸ್ತಿ ಅಂತ ಸಂಶೋಧನೆಗಳೇ ಹೇಳುತ್ತವೆ. ನಿಮ್ಮ ಸ್ವಯಂಸೇವಕರಿಗೆ ಬೇರೆ ಏನು ಕಲಿಸದಿದ್ದರೂ ಇದನ್ನು ಕಲಿಸಿ.

ಹಳೇ_ಮೇಷ್ಟ್ರು
ತಾಯಿ, ಇದನ್ನು ನಮಗೆ ಯಾವ ತರಬೇತಿಯಲ್ಲೂ ಹೇಳಿರಲಿಲ್ಲ. ಧನ್ಯವಾದ. ಸ್ಟಾಫ್ ರೂಮಿನಲ್ಲಿ ಹಾಕುವ ಹಾಗೆ ಒಂದು ಹಾಳೆ ಮಾಡಿಕೊಡಲು ಆಗುತ್ತದಾ?

ವಾರ್ಡ್_ನರ್ಸ್
ಮಾಡಿಕೊಡುತ್ತೇನೆ ಮೇಷ್ಟ್ರೇ.

ಬಣ್ಣದ_ಗಾಳಿಪಟ
ನಾವು ಒಂದು ಕ್ಲಬ್‌ನಲ್ಲಿ ಕಿತ್ತಳೆ ಬಣ್ಣದ ಟೀ ಶರ್ಟ್ ಹಾಕಿ ನಡಿಗೆ ಮಾಡಿದ್ವಿ, ತುಂಬಾ ಚೆನ್ನಾಗಿತ್ತು. ಯಾವ ತಿಂಗಳು ಮಾಡಬೇಕು ಅಂತ ಯಾರಿಗಾದರೂ ಗೊತ್ತಾ? ಕೆಲವರು ಫೆಬ್ರವರಿ ಅಂತಾರೆ, ಕೆಲವರು ನವೆಂಬರ್ ಅಂತಾರೆ.

ಓದುಗ_ವಿದ್ಯಾರ್ಥಿ
ಎರಡೂ ಸರಿ, ಬೇರೆ ಬೇರೆ ಆಚರಣೆ ಅಷ್ಟೇ. ಹದಿಹರೆಯದ ಡೇಟಿಂಗ್ ಹಿಂಸೆ ತಡೆಯುವ ತಿಂಗಳು ಅಂತ ಅಮೆರಿಕದಲ್ಲಿ 2010ರಿಂದ ಫೆಬ್ರವರಿಯನ್ನು ಇಟ್ಟುಕೊಂಡಿದ್ದಾರೆ. ನವೆಂಬರ್ 25ರಿಂದ ಡಿಸೆಂಬರ್ 10ರವರೆಗೆ ಇರುವುದು ಹೆಣ್ಣುಮಕ್ಕಳ ಮೇಲಿನ ಹಿಂಸೆ ವಿರುದ್ಧದ 16 ದಿನ. 1991ರಲ್ಲಿ ಶುರುವಾಯಿತು, ಜಗತ್ತಿನಾದ್ಯಂತ ನಡೆಯುತ್ತದೆ. 1960ರ ನವೆಂಬರ್ 25ರಂದು ಡೊಮಿನಿಕನ್ ಗಣರಾಜ್ಯದಲ್ಲಿ ಸರ್ವಾಧಿಕಾರದ ವಿರುದ್ಧ ನಿಂತಿದ್ದ ಮಿರಬಾಲ್ ಸೋದರಿಯರನ್ನು ಕೊಂದರು. ಆ ನೆನಪಿಗೆ ಆ ದಿನ. ಕಿತ್ತಳೆ ಬಣ್ಣ ಎರಡು ಕಡೆಯೂ ಬಳಸುತ್ತಾರೆ. ಜೋಂಟಾ ಕ್ಲಬ್‌ನವರು ಆ 16 ದಿನಗಳಲ್ಲಿ ಜೋರಾಗಿ ಕೆಲಸ ಮಾಡುತ್ತಾರೆ. ಅದು 1919ರಲ್ಲಿ ಬಫೆಲೊದಲ್ಲಿ ಹುಟ್ಟಿದ ಮಹಿಳೆಯರ ಸೇವಾ ಸಂಸ್ಥೆ.

ಮಳೆಹನಿ
ಟೀ ಶರ್ಟ್ ದುಡ್ಡಿಗೆ ಒಬ್ಬ ಆಪ್ತಸಮಾಲೋಚಕಿಯ ಕೆಲವು ತಿಂಗಳ ಸಂಬಳ ಬರುತ್ತಿತ್ತು ಅನ್ನಿಸುತ್ತದೆ ನನಗೆ.

ಬಣ್ಣದ_ಗಾಳಿಪಟ
ಹಾಗೆ ಹೇಳಬೇಡಿ. ನಮ್ಮ ನಡಿಗೆ ನೋಡಿ ಒಬ್ಬ ಹುಡುಗಿ ಬಂದು ನಮ್ಮ ಒಬ್ಬ ಸದಸ್ಯೆ ಹತ್ತಿರ ಮಾತಾಡಿದಳು. ಅವಳಿಗೆ ಆ ದಿನ ಆ ಬಣ್ಣ ಕಾಣದೇ ಇದ್ದಿದ್ದರೆ ಯಾರ ಹತ್ತಿರ ಹೋಗುತ್ತಿದ್ದಳು? ನಡಿಗೆ ಮಾತ್ರ ಮಾಡಿ ನಿಲ್ಲಿಸಬಾರದು, ಅದು ಸರಿ.

ಮಾಜಿ_ಅಧ್ಯಕ್ಷ
ಕ್ಲಬ್‌ಗಳ ದೊಡ್ಡ ಸಮಸ್ಯೆ ಇಲ್ಲೇ ಇದೆ, ನಾನು ಒಳಗಿನಿಂದ ನೋಡಿದವನು. ಬಹಳಷ್ಟು ಕ್ಲಬ್‌ಗಳಲ್ಲಿ ಅಧ್ಯಕ್ಷರು ಒಂದೇ ವರ್ಷ. ರೋಟರಿಯಲ್ಲಿ ಜುಲೈ 1ಕ್ಕೆ ಹೊಸ ವರ್ಷ, ಹೊಸ ತಂಡ, ಹೊಸ ಕನಸು. ಹಳಬರು ಶುರು ಮಾಡಿದ್ದನ್ನು ಹೊಸಬರು ಮುಂದುವರಿಸಿದರೆ ಹೆಸರು ಹಳಬರಿಗೇ ಹೋಗುತ್ತದೆ ಅನ್ನುವ ಭಾವನೆ ಬೇರೆ. ಗಿಡ ನೆಟ್ಟು ಫೋಟೋ ತೆಗೆದರೆ ಆ ವರ್ಷದ ವರದಿಗೆ ಸಾಕು. ಆದರೆ ಈ ಕೆಲಸಕ್ಕೆ ಮೂರು ವರ್ಷವಾದರೂ ಬೇಕು. ಮೊದಲ ವರ್ಷ ಶಾಲೆಯ ನಂಬಿಕೆ ಗಳಿಸುವುದಕ್ಕೇ ಹೋಗುತ್ತದೆ.

ಹಾಗಾಗಿ ಕಾರ್ಯದರ್ಶಿಯವರೇ, ಮೊದಲು ಸಮಿತಿಯಲ್ಲಿ ಮೂರು ವರ್ಷದ ನಿರ್ಣಯ ಬರೆಸಿಕೊಳ್ಳಿ, ಮುಂದಿನ ಇಬ್ಬರು ಅಧ್ಯಕ್ಷರ ಸಹಿ ಸಮೇತ. ದುಡ್ಡು ಬೇರೆ ಖಾತೆಯಲ್ಲಿ ಇಡಿ. ಉಸ್ತುವಾರಿಗೆ ಅಧ್ಯಕ್ಷರು ಬದಲಾದರೂ ಬದಲಾಗದ ಒಬ್ಬರು ಇರಲಿ. ನಿಮ್ಮ ಯುವ ವಿಭಾಗವೇ ದೊಡ್ಡ ಆಸ್ತಿ. ರೋಟರಿಯ ಇಂಟರಾಕ್ಟ್ 1962ರಿಂದ ಇದೆ, 12ರಿಂದ 18 ವಯಸ್ಸಿನವರಿಗೆ. ಲಯನ್ಸ್‌ನ ಲಿಯೋ ಅದಕ್ಕೂ ಹಳೆಯದು, 1957. ಅಷ್ಟು ವರ್ಷದಿಂದ ಮಕ್ಕಳ ಕೈಗೆ ಪೊರಕೆ, ಸಸಿ, ಡಬ್ಬಿ ಕೊಟ್ಟಿದ್ದೇವೆ. ಅವರ ಸ್ವಂತ ಬದುಕಿನ ವಿಷಯದಲ್ಲಿ ಅವರ ಮಾತು ಕೇಳಿದ್ದು ಕಡಿಮೆ.

ಓದುಗ_ವಿದ್ಯಾರ್ಥಿ
ಮಕ್ಕಳ ಮಾತು ಕೇಳುವುದಕ್ಕೆ ಒಂದು ಒಳ್ಳೆಯ ದಾರಿ ಇದೆ. 'ಶಿಫ್ಟಿಂಗ್ ಬೌಂಡರೀಸ್' ಅನ್ನುವ ಕಾರ್ಯಕ್ರಮ, ನ್ಯೂಯಾರ್ಕ್ ನಗರದ 30 ಶಾಲೆಗಳಲ್ಲಿ 6 ಮತ್ತು 7ನೇ ತರಗತಿ ಮಕ್ಕಳ ಜೊತೆ ನಡೆಸಿದರು. ಮಕ್ಕಳಿಗೆ ಶಾಲೆಯ ನಕ್ಷೆ ಕೊಟ್ಟು, ಎಲ್ಲಿ ನಿನಗೆ ಭಯ ಆಗುತ್ತೆ, ಎಲ್ಲಿ ಆಗಲ್ಲ, ಬಣ್ಣ ಹಚ್ಚು ಅಂದರು. ಭಯದ ಜಾಗಗಳಲ್ಲಿ ಆ ಸಮಯಕ್ಕೆ ದೊಡ್ಡವರನ್ನು ನಿಲ್ಲಿಸಿದರು. ಕಾಟ ಕೊಟ್ಟ ಮಗು ಇಂಥ ಜಾಗಕ್ಕೆ ಹೋಗಬಾರದು, ಇಂಥ ಮಗುವಿನ ಹತ್ತಿರ ಬರಬಾರದು ಅಂತ ಶಾಲೆಯೊಳಗೇ ಲಿಖಿತ ಒಪ್ಪಂದ ಮಾಡಿದರು. ಫಲಿತಾಂಶ ಏನು ಗೊತ್ತಾ? ತರಗತಿಯ ಪಾಠ ಮಾತ್ರ ಕೊಟ್ಟ ಕಡೆ ಅಷ್ಟು ವ್ಯತ್ಯಾಸ ಆಗಲಿಲ್ಲ. ಶಾಲೆಯ ಜಾಗ ಮತ್ತು ನಿಯಮ ಬದಲಿಸಿದ ಕಡೆ ಕಾಟ ಕಡಿಮೆ ಆಯಿತು.

ಹಳೇ_ಮೇಷ್ಟ್ರು
ಇದು ನೂರಕ್ಕೆ ನೂರು ನಿಜ. ಪ್ರತಿ ಶಾಲೆಯಲ್ಲೂ ಮೆಟ್ಟಿಲ ಕೆಳಗಿನ ಒಂದು ಮೂಲೆ ಇರುತ್ತದೆ, ಮಕ್ಕಳಿಗೆಲ್ಲ ಗೊತ್ತು, ಮೇಷ್ಟ್ರುಗಳಿಗೆ ಮಾತ್ರ ಗೊತ್ತಿಲ್ಲ.

ಕ್ಲಬ್‌ಗೆ ಇದು ಹೇಳಿ ಮಾಡಿಸಿದ ಕೆಲಸ. ಲೈಟ್ ಹಾಕಿಸುವುದು, ಮುರಿದ ಬಾಗಿಲು ಸರಿ ಮಾಡಿಸುವುದು, ಸಂಜೆ ಶಾಲೆ ಬಿಡುವಾಗ ಗೇಟಿನ ಹತ್ತಿರ ಇಬ್ಬರು ಸದಸ್ಯರು ನಿಲ್ಲುವುದು. ಭಾಷಣಕ್ಕಿಂತ ಕಡಿಮೆ ಖರ್ಚು.

ಫೋನ್_ರಿಪೇರಿ_ಅಣ್ಣ
ಫೋಟೋ ಬೆದರಿಕೆ ಬಗ್ಗೆ ಹೇಳ್ತೀನಿ, ನನ್ನ ಹತ್ತಿರ ಹೆದರಿಕೊಂಡು ಬರುವ ಮಕ್ಕಳು ಜಾಸ್ತಿ. "ಅಣ್ಣ, ಅವನ ಫೋನಿಂದ ಡಿಲೀಟ್ ಮಾಡೋಕಾಗುತ್ತಾ" ಅಂತ ಕೇಳ್ತಾರೆ. ಆಗಲ್ಲ. ಆದರೆ ಹರಡದ ಹಾಗೆ ತಡೆಯುವ ದಾರಿ ಇದೆ. 18 ತುಂಬುವ ಮೊದಲು ತೆಗೆದ ಬೆತ್ತಲೆ ಅಥವಾ ಅರೆಬೆತ್ತಲೆ ಫೋಟೋ, ವಿಡಿಯೋಗೆ 'ಟೇಕ್ ಇಟ್ ಡೌನ್' ಅಂತ ಉಚಿತ ಸೇವೆ ಇದೆ, ಅಮೆರಿಕದ ಮಕ್ಕಳ ರಕ್ಷಣಾ ಕೇಂದ್ರ ನಡೆಸುತ್ತೆ, ಬೇರೆ ದೇಶದವರೂ ಬಳಸಬಹುದು. ಫೋಟೋ ನಿಮ್ಮ ಫೋನ್ ಬಿಟ್ಟು ಎಲ್ಲೂ ಹೋಗಲ್ಲ. ಅದರಿಂದ ಒಂದು ಸಂಖ್ಯೆಯ ಗುರುತು ಮಾಡ್ತಾರೆ, ಬೆರಳಚ್ಚಿನ ಹಾಗೆ. ಆ ಗುರುತು ಮಾತ್ರ ಕಂಪನಿಗಳಿಗೆ ಹೋಗುತ್ತೆ. ಸೇರಿಕೊಂಡಿರುವ ಆ್ಯಪ್‌ಗಳು ಅಂಥ ಫೋಟೋ ಸಿಕ್ಕರೆ ತೆಗೆದುಹಾಕ್ತವೆ. ಹೆಸರೂ ಕೇಳಲ್ಲ. 18 ದಾಟಿದವರಿಗೆ 'ಸ್ಟಾಪ್ ಎನ್‌ಸಿಐಐ' ಅಂತ ಇದೆ, 2021ರಿಂದ, ಅದೂ ಹೀಗೇ ಕೆಲಸ ಮಾಡುತ್ತೆ. ಆದರೆ ಸೇರಿಕೊಳ್ಳದ ಆ್ಯಪ್‌ಗಳಲ್ಲಿ, ಖಾಸಗಿ ಚಾಟ್‌ಗಳಲ್ಲಿ ಇದು ನಡೆಯಲ್ಲ, ಅದನ್ನೂ ಮಕ್ಕಳಿಗೆ ಹೇಳಬೇಕು.

ಬೆದರಿಕೆ ಮೆಸೇಜಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ತಾರೀಕು, ಸಮಯ, ಅಕೌಂಟ್ ಹೆಸರು ಕಾಣೋ ಹಾಗೆ. ದುಡ್ಡಾಗಲಿ ಇನ್ನೊಂದು ಫೋಟೋ ಆಗಲಿ ಕೊಡಬೇಡಿ, ಒಮ್ಮೆ ಕೊಟ್ಟರೆ ಮತ್ತೆ ಕೇಳ್ತಾರೆ. ಕ್ಲಬ್‌ನವರಿಗೆ, ಟೀಚರ್‌ಗಳಿಗೆ ಒಂದು ಮಾತು. ಸಾಕ್ಷಿ ಅಂತ ಆ ಫೋಟೋನ ನಿಮ್ಮ ಫೋನಿಗೆ ಕಳಿಸಿಕೊಳ್ಳಬೇಡಿ. ಅಪ್ರಾಪ್ತರ ಅಂಥ ಫೋಟೋ ಇಟ್ಟುಕೊಳ್ಳುವುದು, ಮುಂದೆ ಕಳಿಸುವುದು ಎಷ್ಟೋ ಕಡೆ ಅಪರಾಧ, ಉದ್ದೇಶ ಒಳ್ಳೆಯದಿದ್ದರೂ.

ಕಾಲೇಜ್_ಹುಡುಗಿ
ಅಣ್ಣ, ಇದು ಹೈಸ್ಕೂಲಲ್ಲಿ ಗೊತ್ತಿದ್ದಿದ್ರೆ ನನ್ನ ಒಬ್ಬ ಫ್ರೆಂಡ್ ವರ್ಷಗಟ್ಟಲೆ ಹೆದರಿಕೊಂಡು ಅವನ ಜೊತೆ ಇರ್ತಿರಲಿಲ್ಲ.

ಕ್ಲಬ್_ಕಾರ್ಯದರ್ಶಿ
ಇಷ್ಟು ಒಳ್ಳೆಯ ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲ ಬರೆದುಕೊಳ್ಳುತ್ತಿದ್ದೇನೆ. ಈಗ ನನಗಿರುವ ದೊಡ್ಡ ಹೆದರಿಕೆ ಬೇರೆ. ಕಾರ್ಯಕ್ರಮ ಶುರುವಾದ ಮೇಲೆ ಒಂದು ಮಗು ಬಂದು ನಮ್ಮ ಸದಸ್ಯರ ಹತ್ತಿರ ನಿಜವಾಗಿ ಹೇಳಿಕೊಂಡರೆ ಏನು ಮಾಡುವುದು? ನಮ್ಮಲ್ಲಿ ವ್ಯಾಪಾರಿಗಳು, ಡಾಕ್ಟರುಗಳು, ಎಂಜಿನಿಯರುಗಳು ಇದ್ದಾರೆ. ಯಾರಿಗೂ ಈ ತರಬೇತಿ ಇಲ್ಲ. ಒಬ್ಬ ಹಿರಿಯ ಸದಸ್ಯರು, ಇಬ್ಬರನ್ನೂ ಕೂರಿಸಿ ಬುದ್ಧಿ ಹೇಳಿ ರಾಜಿ ಮಾಡಿಸೋಣ ಅಂತಿದ್ದಾರೆ.

ವಾರ್ಡ್_ನರ್ಸ್
ಅಯ್ಯೋ, ರಾಜಿ ಬೇಡವೇ ಬೇಡ!

ಆಪ್ತ_ಸಲಹೆ
ಇಬ್ಬರನ್ನೂ ಒಟ್ಟಿಗೆ ಕೂರಿಸುವುದು ಅಪಾಯ ಸರ್. ಅವನ ಎದುರಿಗೆ ಅವಳು ನಿಜ ಹೇಳಿದರೆ ಹೊರಗೆ ಹೋದ ಮೇಲೆ ಅದಕ್ಕೆ ಬೆಲೆ ಕೊಡುತ್ತಾಳೆ. ಹೇಳದಿದ್ದರೆ ನೀವು "ಏನೂ ಇಲ್ಲ" ಅಂತ ತೀರ್ಮಾನ ಮಾಡುತ್ತೀರಿ. ಎರಡರಲ್ಲೂ ಅವಳಿಗೇ ಸೋಲು. ಒಬ್ಬೊಬ್ಬರ ಜೊತೆ ಬೇರೆ ಬೇರೆ, ಬೇರೆ ಬೇರೆ ದೊಡ್ಡವರು ಮಾತಾಡಬೇಕು.

ಮಗು ಹೇಳಿಕೊಂಡಾಗ ಮೊದಲು ಸುಮ್ಮನೆ ಕೇಳಿ. "ಯಾಕೆ ಅವನ ಜೊತೆ ಹೋದೆ", "ಮೊದಲೇ ಯಾಕೆ ಹೇಳಲಿಲ್ಲ" ಈ ಎರಡು ಪ್ರಶ್ನೆ ಬಾಯಿಂದ ಬರಬಾರದು. "ನೀನು ಹೇಳಿದ್ದು ಒಳ್ಳೆಯದಾಯಿತು, ಇದು ನಿನ್ನ ತಪ್ಪಲ್ಲ" ಅಷ್ಟು ಸಾಕು. ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ, ಅದು ನಡೆಸಿಕೊಡಲಾಗದ ಮಾತು. ಅಪ್ರಾಪ್ತ ಮಗುವಿಗೆ ಅಪಾಯ ಇದೆ ಅಂದರೆ ಯಾರಿಗೆ ತಿಳಿಸಬೇಕು ಅನ್ನುವ ಕಾನೂನು ಒಂದೊಂದು ಕಡೆ ಒಂದೊಂದು ಥರ ಇದೆ. ಕಾರ್ಯಕ್ರಮ ಶುರು ಮಾಡುವ ಮೊದಲೇ ಒಬ್ಬ ವಕೀಲರನ್ನು ಕೂರಿಸಿಕೊಂಡು ಅದನ್ನು ಓದಿ, ಮಕ್ಕಳಿಗೂ ಮೊದಲೇ ಹೇಳಿ. "ನಿನಗೆ ಪೆಟ್ಟಾಗುತ್ತದೆ ಅನ್ನಿಸಿದರೆ ನಾನು ಇಂಥವರಿಗೆ ಹೇಳಬೇಕಾಗುತ್ತದೆ, ನಿನಗೆ ಹೇಳಿಯೇ ಹೇಳುತ್ತೇನೆ."

"ಬಿಟ್ಟುಬಿಡು" ಅಂತ ತಕ್ಷಣ ಒತ್ತಾಯ ಮಾಡಬೇಡಿ. ಇದು ಎಲ್ಲರಿಗೂ ವಿಚಿತ್ರ ಅನ್ನಿಸುತ್ತದೆ, ಆದರೆ ಬ್ರೇಕಪ್ ಆಗುವ ಹೊತ್ತೇ ಅಪಾಯ ಜಾಸ್ತಿ ಇರುವ ಹೊತ್ತು. ಹಿಡಿತ ತಪ್ಪುತ್ತಿದೆ ಅನ್ನಿಸಿದಾಗ ಹಿಂಸೆ ಏರುತ್ತದೆ. ಬಿಡುವುದಾದರೆ ಯೋಜನೆ ಮಾಡಿ ಬಿಡಬೇಕು. ಒಬ್ಬಳೇ ಹೋಗಿ ಭೇಟಿಯಾಗಿ ಹೇಳುವುದು ಬೇಡ. ಶಾಲೆಗೆ ಹೋಗಿಬರುವ ದಾರಿ ಬದಲಿಸುವುದು, ಜೊತೆಗೆ ಫ್ರೆಂಡ್ ಇರುವುದು, ಪಾಸ್‌ವರ್ಡ್‌ಗಳನ್ನು ಬದಲಿಸುವುದು, ಕಷ್ಟ ಬಂದರೆ ಒಂದು ಪದ ಮೆಸೇಜ್ ಮಾಡಿದರೆ ಓಡಿ ಬರುವ ಒಬ್ಬ ದೊಡ್ಡವರು ಇರುವುದು.

ಇಬ್ಬರು_ಮಕ್ಕಳ_ಅಮ್ಮ
ಮೇಡಂ, "ನೀನು ಬಿಟ್ಟರೆ ಸತ್ತುಹೋಗ್ತೀನಿ" ಅಂತ ಹೆದರಿಸಿದರೆ? ನಮ್ಮ ಪರಿಚಯದ ಒಂದು ಹುಡುಗಿಗೆ ಇದೇ ಆಗಿದೆ. ಅವನು ಏನಾದರೂ ಮಾಡಿಕೊಂಡರೆ ನಾನೇ ಕಾರಣ ಅಂತ ಅಳುತ್ತಾಳೆ.

ಆಪ್ತ_ಸಲಹೆ
ಆ ಮಾತನ್ನು ನಿಜ ಅಂತಲೇ ತಗೊಳ್ಳಬೇಕು, ಆದರೆ ಅದನ್ನು ಅವಳೊಬ್ಬಳೇ ಹೊರಬಾರದು. ಅವನು ಹಾಗೆ ಹೇಳಿದ ಕೂಡಲೇ ಅವನ ಮನೆಯವರಿಗೋ ಶಾಲೆಗೋ ತುರ್ತು ಸಹಾಯವಾಣಿಗೋ ತಿಳಿಸಬೇಕು. ಅವನಿಗೆ ಸಹಾಯ ಬೇಕು, ಅದನ್ನು ಕೊಡಬೇಕಾದವರು ದೊಡ್ಡವರು, 16 ವರ್ಷದ ಹುಡುಗಿ ಅಲ್ಲ. ಅವಳು ಅವನ ಜೊತೆ ಇದ್ದರೆ ಅವನು ಬದುಕುತ್ತಾನೆ ಅನ್ನುವ ಲೆಕ್ಕ ಯಾರ ಬಾಯಲ್ಲೂ ಬರಬಾರದು.

ಇಬ್ಬರು_ಮಕ್ಕಳ_ಅಮ್ಮ
ಇದನ್ನು ಹಾಗೇ ಅವಳಮ್ಮನಿಗೆ ಕಳಿಸುತ್ತೇನೆ.

ನೇರನುಡಿ
ಒಂದು ಪ್ರಶ್ನೆ. ಹೊಡೆದ ಹುಡುಗನನ್ನು ಏನು ಮಾಡಬೇಕು? ಶಾಲೆಯಿಂದ ಹೊರಗೆ ಹಾಕಿದರೆ ಮುಗೀತಾ?

ಆಟದ_ಕೋಚ್
ಮುಗಿಯಲ್ಲ. ಹೊರಗೆ ಹಾಕಿದರೆ ಇನ್ನೊಂದು ಶಾಲೆಯಲ್ಲಿ ಇನ್ನೊಂದು ಹುಡುಗಿ ಸಿಗುತ್ತಾಳೆ. ಮೊದಲು ಆ ಹುಡುಗಿ ಸುರಕ್ಷಿತ ಆಗಬೇಕು, ತರಗತಿ ಬದಲಿಸುವುದಾದರೆ ಅವನದನ್ನು ಬದಲಿಸಿ, ಅವಳದನ್ನಲ್ಲ. ಎಷ್ಟೋ ಶಾಲೆಗಳಲ್ಲಿ ಉಲ್ಟಾ ಮಾಡುತ್ತಾರೆ, ಹುಡುಗಿಯನ್ನೇ ಮನೆಗೆ ಕಳಿಸುತ್ತಾರೆ. ಅಪರಾಧ ಆಗಿದ್ದರೆ ಕಾನೂನು ಇದೆ. ಅದರ ಜೊತೆಗೇ ಅವನನ್ನು ವಾರವಾರ ಕೂರಿಸಿ ಮಾತಾಡುವ ಒಬ್ಬ ಗಂಡಸು ಬೇಕು, ಅವನು ಗೌರವ ಕೊಡುವಂಥವನು. ಈ ಹುಡುಗರಲ್ಲಿ ಎಷ್ಟೋ ಜನ ಮನೆಯಲ್ಲಿ ಅಪ್ಪ ಅಮ್ಮನಿಗೆ ಹೊಡೆಯುವುದನ್ನು ನೋಡಿ ಬೆಳೆದವರು. ಅದು ಕ್ಷಮಿಸುವುದಕ್ಕೆ ಕಾರಣ ಅಲ್ಲ, ಎಲ್ಲಿಂದ ಶುರು ಮಾಡಬೇಕು ಅನ್ನುವುದಕ್ಕೆ ಗುರುತು.

ಮಾಜಿ_ಅಧ್ಯಕ್ಷ
ಕೋಚ್ ಹೇಳಿದಂಥ ಗಂಡಸರು ಕ್ಲಬ್‌ನಲ್ಲಿ ಸಿಗುತ್ತಾರೆ. ಆದರೆ ಮಕ್ಕಳ ಜೊತೆ ಕೆಲಸ ಮಾಡುವ ಪ್ರತಿ ಸದಸ್ಯರ ಹಿನ್ನೆಲೆ ಪರಿಶೀಲನೆ ಆಗಲೇಬೇಕು, ಎಷ್ಟೇ ಹಿರಿಯರಿರಲಿ. ಮುಚ್ಚಿದ ಕೋಣೆಯಲ್ಲಿ ಒಬ್ಬ ಸದಸ್ಯ, ಒಂದು ಮಗು, ಹೀಗೆ ಇರಬಾರದು. ಈ ನಿಯಮಕ್ಕೆ ಬೇಜಾರಾಗುವವರು ಬೇರೆ ಸಮಿತಿಗೆ ಹೋಗಲಿ.

ಕ್ಲಬ್_ಕಾರ್ಯದರ್ಶಿ
ಮುಂದಿನ ಸಭೆಗೆ ನಾನು ಇಡುವುದು ಇಷ್ಟು. ಮೂರು ವರ್ಷದ ನಿರ್ಣಯ, ಒಂದೇ ಶಾಲೆಯಿಂದ ಶುರು. ಮೊದಲು ವಕೀಲರು, ಸದಸ್ಯರ ತರಬೇತಿ, ಪೋಷಕರ ಸಂಜೆ. ಆಮೇಲೆ ಮಕ್ಕಳಿಂದ ಶಾಲೆಯ ನಕ್ಷೆ, ತರಗತಿ ಪಾಠ, ಕೋಚ್‌ಗಳ ಮಾತು. ಆಪ್ತಸಮಾಲೋಚಕಿಗೆ ವಾರದಲ್ಲಿ ಎರಡು ದಿನದ ಸಂಬಳ ಕ್ಲಬ್‌ನಿಂದ. ಭಾಷಣಕ್ಕೆ ಅಂತ ಇಟ್ಟಿದ್ದ ದುಡ್ಡು ಅಲ್ಲಿಗೆ ಹೋಗುತ್ತದೆ. ರಾಜಿ ಪಂಚಾಯಿತಿ ಇಲ್ಲ ಅಂತ ಮೊದಲ ಸಾಲಿನಲ್ಲೇ ಬರೆಸುತ್ತೇನೆ.

ಕೊನೆಗೆ ಒಂದು ಸಣ್ಣ ಸಹಾಯ. ಸಹಾಯವಾಣಿ ನಂಬರಿನ ಕಾರ್ಡ್ ಅಚ್ಚು ಹಾಕಿಸಬೇಕು. ಹೇಗಿರಬೇಕು?

ಬಣ್ಣದ_ಗಾಳಿಪಟ
ಕಿತ್ತಳೆ ಬಣ್ಣದಲ್ಲಿ, ದೊಡ್ಡ ಅಕ್ಷರದಲ್ಲಿ, ಕ್ಲಬ್ ಚಿಹ್ನೆ ಹಾಕಿ. ಎದ್ದು ಕಾಣಬೇಕು.

ಕಾಲೇಜ್_ಹುಡುಗಿ
ಎದ್ದು ಕಾಣಲೇಬಾರದು ಅಕ್ಕ. ಬ್ಯಾಗ್ ಚೆಕ್ ಮಾಡೋ ಹುಡುಗನ ಕಣ್ಣಿಗೆ ಮೊದಲು ಬೀಳೋದೇ ಅದು. ಹಿಂಸೆ, ರಕ್ಷಣೆ ಅಂತ ಏನೂ ಬರೆಯಬೇಡಿ. ಲೈಬ್ರರಿ, ಆಂಬುಲೆನ್ಸ್, ಪರೀಕ್ಷಾ ವಿಭಾಗ, ಹೀಗೆ ಹತ್ತು ನಂಬರಿನ ಮಧ್ಯೆ ಇದೂ ಒಂದು ಇರಲಿ, ಶಾಲೆಯ ಟೈಮ್‌ಟೇಬಲ್ ಹಿಂದೆ ಅಚ್ಚಾಗಲಿ, ಪ್ರತಿಯೊಂದು ಮಗುವಿಗೂ ಕೊಡಿ. ಹುಡುಗಿಯರ ಟಾಯ್ಲೆಟ್ ಬಾಗಿಲಿನ ಒಳಗಡೆ ಒಂದು ಸ್ಟಿಕರ್ ಹಾಕಿ, ಹುಡುಗರದ್ದರಲ್ಲೂ ಹಾಕಿ. ಅಲ್ಲಿ ಒಬ್ಬರೇ ಇರ್ತಾರೆ, ಓದೋಕೆ ಸಮಯ ಇರುತ್ತೆ. ಆ ನಂಬರಿಗೆ ಕಾಲ್ ಮಾಡೋಕೆ ಶಾಲೆಯ ಆಫೀಸಿನ ಫೋನ್ ಕೊಡ್ತಾರಾ ಅಂತ ಹೆಡ್‌ಮಾಸ್ಟರ್ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ, ತುಂಬಾ ಜನಕ್ಕೆ ಅವರ ಫೋನಿಂದ ಮಾಡೋ ಹಾಗಿರಲ್ಲ.